ಸ್ಪೇನಿಗೊಂದು ಸೋಬಾನ

ಚೀಟಿ ಬಿಚ್ಚಿದರೆ ಒಳಗೆ "ಸ್ಪೇನ್" ಎಂದಿತ್ತು. ಪಕ್ಕದಲ್ಲಿ ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದ ನಮ್ಮ ಹೆಡ್‌ಮಾಸ್ತರರು ಬೆವರು ಒರೆಸಿಕೊಂಡು, "ಬದುಕಿದ್ವಿ ನೋಡ್ರಿ ಮೇಡಂ, ಭಾರತ ಬರಲಿಲ್ಲ" ಎಂದರು.

ಭಾರತದ ಚೀಟಿಯನ್ನು ಡಬ್ಬಿಗೆ ಹಾಕಿಯೇ ಇಲ್ಲ ಎಂದು ಅವರಿಗೆ ನಾನು ಅಷ್ಟರೊಳಗೆ ಮೂರು ಸಲ ಹೇಳಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನ ಸಮಾಜ ವಿಜ್ಞಾನದ ಮಾಸ್ತರು-ಟೀಚರುಗಳು ನಾವೇ ಕೂಡಿ ಹೂಡಿದ ಸ್ಪರ್ಧೆ ಅದು. ಹೈಸ್ಕೂಲಿಗೊಂದು ದೇಶ. ಆ ದೇಶ ನಾಳೆ ತನ್ನ ರಾಷ್ಟ್ರಗೀತೆಯನ್ನು ಬಿಟ್ಟು ಬೇರೊಂದು ಹಾಡು ಹುಡುಕಲು ಹೊರಟರೆ ನೀವು ಯಾವುದನ್ನು ಕೊಡುತ್ತೀರಿ, ಯಾಕೆ ಕೊಡುತ್ತೀರಿ? ಐದು ನಿಮಿಷ ಕಾರಣ ಹೇಳಬೇಕು, ಐದು ನಿಮಿಷ ಹಾಡಬೇಕು. ನಮ್ಮ ದೇಶದ ಹಾಡಿನ ತಂಟೆಗೆ ಯಾರೂ ಹೋಗುವುದಿಲ್ಲ, ಅದು ಇದ್ದಲ್ಲಿಯೇ ಇರುತ್ತದೆ ಎಂದು ಮೊದಲನೇ ಮೀಟಿಂಗಿನಲ್ಲೇ ಠರಾವು ಮಾಡಿದ್ದೆವು. ಆದರೂ ಹೆಡ್‌ಮಾಸ್ತರರ ಜೀವ ನಿಲ್ಲದು.

"ರಾಷ್ಟ್ರಗೀತೆ ಬದಲಿ ಅಂತ ಯಾರರ ಮೊಬೈಲಿನ್ಯಾಗ ವಿಡಿಯೊ ಮಾಡಿ ಬಿಟ್ರ ನನ್ನ ಗತಿ ಏನ್ರಿ? ನಂದು ಇನ್ನ ಎರಡ ವರ್ಷ ಸರ್ವಿಸ್ ಐತಿ" ಎಂದರು.

"ಸ್ಪೇನ್ ದೇಶದವರು ನಮ್ಮ ಕನ್ನೊಳ್ಳಿಗೆ ಬಂದು ನಿಮ್ಮನ್ನ ಹಿಡ್ಕೊಂಡು ಹೋಗಂಗಿಲ್ರಿ ಸರ" ಎಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವರಿಗೂ ಅದು ಗೊತ್ತಿದ್ದುದರಿಂದ ಮತ್ತೊಮ್ಮೆ ಬೆವರು ಒರೆಸಿಕೊಂಡು ಹೊರಗೆ ನಡೆದರು.

ಮರುದಿನ ಹತ್ತನೇ ತರಗತಿಯಲ್ಲಿ ವಿಷಯ ಇಟ್ಟೆ. ಸ್ಪೇನಿನ ರಾಷ್ಟ್ರಗೀತೆಗೆ ರಾಗ ಇದೆ, ಆದರೆ ಸರ್ಕಾರ ಒಪ್ಪಿದ ಪದಗಳೇ ಇಲ್ಲ ಎಂದಾಗ ಮಕ್ಕಳೆಲ್ಲ ಹೋ ಎಂದರು. "ಹಂಗಾರ ಆಟದಾಗ ಗೆದ್ದಾಗ ಅವ್ರು ಏನ್ ಹಾಡ್ತಾರ್ರೀ ಟೀಚರ್?" ಎಂದು ಹಿಂದಿನ ಬೆಂಚಿನವ ಕೇಳಿದ. ಸುಮ್ಮನೆ ನಿಲ್ಲುತ್ತಾರೆ, ಇಲ್ಲವೆ ರಾಗ ಗುನುಗುತ್ತಾರೆ ಎಂದೆ. ಪಾಪ, ಪಾಪ ಎಂದು ಇಡೀ ವರ್ಗವೇ ಸ್ಪೇನಿನ ಮೇಲೆ ಕರುಣೆ ತೋರಿತು.

ಆಮೇಲೆ ಎಂಟು ಹತ್ತು ದೇಶಗಳ ಗೀತೆಗಳ ಅರ್ಥ ಹುಡುಕಿ ಓದಿದೆವು. ಒಂದರಲ್ಲಿ ರಕ್ತ, ಒಂದರಲ್ಲಿ ತೋಪಿನ ಗುಂಡು, ಒಂದರಲ್ಲಿ ರಾಜನಿಗೆ ಜಯಕಾರ, ಮತ್ತೊಂದರಲ್ಲಿ ಗುಡ್ಡ-ಹೊಳೆಗಳ ಪಟ್ಟಿ. ಒಬ್ಬ ಸಿನಿಮಾದ ಕುಣಿತದ ಹಾಡು ಕೊಡೋಣ ಎಂದ. ಇನ್ನೊಬ್ಬ ಹಲಗೆ ಬಾರಿಸಿದರೆ ಸಾಕು, ಪದವೇಕೆ ಎಂದ. ಕಡೆಗೆ ಎದ್ದು ನಿಂತವಳು ನಮ್ಮ ವರ್ಗದ ಎತ್ತರದ ಹುಡುಗಿ, ಯಾವಾಗಲೂ ಗೋಡೆಗೆ ಒರಗಿ ಕೂಡುವವಳು. "ಎಲ್ಲಾರೂ ತಮ್ಮನ್ನ ತಾವ ಹೊಗಳ್ಕೊಂಡಾರಲ್ರೀ. ಮನಿಗೆ ಬಂದವರ ಸಲುವಾಗಿ ಒಂದು ದೇಶನೂ ಹಾಡಿಲ್ಲ" ಎಂದಳು.

ಇಪ್ಪತ್ತು ವರ್ಷ ಪಾಠ ಮಾಡಿದರೂ ಇದು ನನಗೆ ಹೊಳೆದಿರಲಿಲ್ಲ.

"ಹಂಗಾರ ಯಾವ ಹಾಡು?" ಎಂದೆ.

"ಲಗ್ನದಾಗ ಬೀಗರು ಬಂದಾಗ ಬಾಗಲದಾಗ ನಿಂತು ಹಾಡ್ತಾರಲ್ರೀ, ಆ ಸೋಬಾನ. ಪೂರಾ ಪದಾ ನಿಮ್ಮ ಅತ್ತಿಯವರಿಗೆ ಅಷ್ಟ ಬರ್ತೈತಿ" ಎಂದವಳು ತಲೆ ತಗ್ಗಿಸಿ, "ಆದ್ರ ಆಯಿ ಈಗ ಹಾಡಂಗಿಲ್ಲಲ್ರೀ" ಎಂದಳು.

ಹೌದು. ನಮ್ಮ ಅತ್ತೆ ಈಗ ಹಾಡುವುದಿಲ್ಲ. ತಂಗಡಗಿಯಲ್ಲಿ, ಕೃಷ್ಣೆಯ ದಂಡೆಯಲ್ಲಿ ಹುಟ್ಟಿ ಬೆಳೆದವರು ಅವರು. ಕನ್ನೊಳ್ಳಿಗೆ ಸೊಸೆಯಾಗಿ ಬರುವಾಗ ತವರಿನಿಂದ ತಂದದ್ದು ಆ ದನಿಯೊಂದೇ ಎಂದು ಮಾವನವರೇ ನಗಾಡುತ್ತಿದ್ದರು. ಮೂವತ್ತು ವರ್ಷ ಊರಿನ ಯಾವ ಲಗ್ನದಲ್ಲೂ ಅತ್ತೆ ಪದ ಎತ್ತಿಕೊಡದೆ ಬೀಗರು ಹೊಸ್ತಿಲು ದಾಟಿದವರಲ್ಲ. ಎತ್ತಿಕೊಡುವುದು ಎಂದರೆ ಮೊದಲ ಸಾಲನ್ನು ಒಬ್ಬಾಕೆಯೇ ಹಾಡಿ ಉಳಿದವರಿಗೆ ದಾರಿ ಮಾಡಿಕೊಡುವುದು. ಆರು ವರ್ಷದ ಹಿಂದೆ ಮಾವ ತೀರಿಕೊಂಡರು. ಮೂರು ತಿಂಗಳ ಮೇಲೆ ಊರಲ್ಲೊಂದು ಲಗ್ನ. ಅತ್ತೆ ಅಭ್ಯಾಸಬಲದಿಂದ ತಮ್ಮ ಜಾಗದಲ್ಲೇ ಹೋಗಿ ಕುಳಿತರು. ನಮ್ಮ ಎದುರುಮನೆಯಾಕೆ ಬಗ್ಗಿ, ಹತ್ತು ಜನಕ್ಕೆ ಕೇಳುವಂತೆ ಪಿಸುಗುಟ್ಟಿದಳು: "ಅತ್ತಿ, ನೀವು ಹಿಂದ ಕುಂದರ್ರಿ. ಮುತ್ತೈದೇರು ಮುಂದ ಬರ್ಲಿ."

ಅತ್ತೆ ಸೆರಗು ಸರಿ ಮಾಡಿಕೊಂಡು ಎದ್ದರು, ಹಿಂದೆ ಗೋಡೆಯ ಪಕ್ಕ ಹಾಸಿದ್ದ ಜಮಖಾನೆಯ ಮೇಲೆ, ಗಂಡ ಸತ್ತ ಉಳಿದ ಹೆಂಗಸರ ಜೊತೆ ಕುಳಿತರು. ಅಂದಿನಿಂದ ಮನೆಯಲ್ಲೂ ಹಾಡಲಿಲ್ಲ, ಮೊಮ್ಮಗುವಿನ ತೊಟ್ಟಿಲ ಮುಂದೂ ಹಾಡಲಿಲ್ಲ. ನಾನು ಅವತ್ತು ಅವರ ಪಕ್ಕದಲ್ಲೇ ಇದ್ದೆ. ದೊಡ್ಡ ದೊಡ್ಡ ಸಾಹೇಬರಿಗೆ ಎದುರು ಮಾತಾಡಿದ ನನ್ನ ನಾಲಿಗೆ ಅವತ್ತು ಅಂಗುಳಿಗೆ ಅಂಟಿಕೊಂಡಿತ್ತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆದ್ದರಿಂದ ಆ ಹುಡುಗಿ ಹಾಗೆಂದ ಕ್ಷಣವೇ ನಿರ್ಧಾರ ಮಾಡಿದೆ. ಬಹುಮಾನ ಹಾಳಾಗಿ ಹೋಗಲಿ. ಈ ನೆವದಲ್ಲಾದರೂ ಅತ್ತೆಯ ಬಾಯಿ ತೆರೆಸಬೇಕು.

ಸಂಜೆ ಮನೆಗೆ ಹೋದಾಗ ಅತ್ತೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದರು. ಪಕ್ಕದಲ್ಲಿ ಕುಳಿತು ಎಲ್ಲ ಹೇಳಿದೆ.

"ಸ್ಪೇನ್ ಅಂದ್ರ ಎಲ್ಲೈತಿ?" ಎಂದರು.

"ಸಮುದ್ರದ ಆಚಿಗೈತ್ರಿ. ಅವರ ಹಾಡಿಗೆ ಪದಾನ ಇಲ್ಲ. ಬರೇ ರಾಗ."

ಅತ್ತೆಯ ಕೈ ನಿಂತಿತು. "ಪದಾ ಇಲ್ಲ? ಅದರ ಬಾಯಿ ಯಾರು ಮುಚ್ಚಿಸ್ಯಾರ?" ಎಂದರು.

ಆಮೇಲೆ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಹಚ್ಚಿ, ಮಗುಚಿ, ಮತ್ತೊಂದು ಉಂಡೆ ತೆಗೆದುಕೊಂಡು ಹೇಳಿದರು: "ಹುಡುಗ್ಯಾರನ್ನ ಕಳಸು. ಪದಾ ಹೇಳಿಕೊಡ್ತೇನಿ. ಹಾಡಂಗಿಲ್ಲ, ಮೊದಲ ಹೇಳೇನಿ."

"ರಾಗ ಹ್ಯಾಂಗ್ರಿ ಮತ್ತ?"

ಅತ್ತೆ ಹಿಟ್ಟಿನ ಕೈ ಒರೆಸಿಕೊಂಡರು. "ಬಾಯಿ ತಗದ್ರ ಹಾಡು. ಬಾಯಿ ಮುಚ್ಚಿ ಮೂಗಿನ್ಯಾಗ ಅಂದ್ರ ನಾ ರೊಟ್ಟಿ ಬಡ್ಯಾಕತ್ತೇನಿ, ಅಷ್ಟ" ಎಂದರು. ಯಾವ ವಕೀಲನೂ ಕಾನೂನಿನಲ್ಲಿ ಇಂಥ ಕಲಮು ಹುಡುಕಲಾರ.

ಆರು ಹುಡುಗಿಯರು ವಾರವಿಡೀ ಶಾಲೆ ಬಿಟ್ಟ ಮೇಲೆ ನಮ್ಮ ಅಡುಗೆಮನೆಗೆ ಬಂದರು. ಅತ್ತೆ ಮೊದಲು ಪದಗಳನ್ನು ಮಾತಿನ ಹಾಗೆ ಹೇಳಿ ಬಾಯಿಪಾಠ ಮಾಡಿಸಿದರು.

ಬರ್ರಿ ಬರ್ರಿ ಬಂದವರ, ಬಾಗಿಲ ಎಂದೂ ಮುಚ್ಚಿಲ್ಲ
ಕಾಲೀಗಿ ನೀರ, ಕೈಯಾಗ ತಂಬಿಗಿ
ಯಾವೂರಂತ ಕೇಳೂದಿಲ್ಲ

ದಣದ ಬಂದೀರಿ ಕುಂದರ್ರಿ, ಕೌದಿ ಹಾಸೇವಿ ಪಡಸಾಲ್ಯಾಗ
ಉಂಡು ತಣದು ಹೆಸರ ಹೇಳ್ರಿ
ಹಸದವರ ಹೆಸರ ಕೇಳೂದಿಲ್ಲ

ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತ ಎತ್ತರದ ಹುಡುಗಿ, "ಆಯಿ, ಇದು ಯಾವ ದೇಶಕ್ಕ ಬೇಕಾದ್ರೂ ಆಗ್ತೈತಿ" ಎಂದಳು. "ಆಗ್ಲಿ ಬಿಡು, ನಮ್ಮ ಗಂಟೇನು ಹೋಗ್ತೈತಿ" ಎಂದರು ಅತ್ತೆ. ಪದ ಮುಗಿದ ಮೇಲೆ ರಾಗ. ಹಿಟ್ಟು ನಾದಿಕೊಂಡು ಕಲ್ಲಿನ ಮೇಲೆ ಉಂಡೆ ಇಟ್ಟು, ತಟ್ ತಟ್ ಎಂದು ಬಡಿಯುತ್ತ, ತುಟಿ ಬಿಗಿದು ಮೂಗಿನಲ್ಲೇ ಗುನುಗುವರು. ಹುಡುಗಿಯರು ನೆಲದ ಮೇಲೆ ಅಂಗೈ ಬಡಿದು ಅದೇ ತಾಳ ಹಿಡಿಯುವರು. ಕಲಿತದ್ದಕ್ಕೆ ಕೂಲಿಯೆಂಬಂತೆ ಒಬ್ಬೊಬ್ಬರಿಗೂ ಬಿಸಿ ರೊಟ್ಟಿ, ಮೇಲೆ ಶೇಂಗಾ ಚಟ್ನಿ. ಅಡುಗೆಮನೆಯಲ್ಲಿ ಅಷ್ಟು ಸದ್ದು ಕೇಳಿ ಆರು ವರ್ಷವಾಗಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಬಾಗಿಲ ಹೊರಗೆ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ಶಾಲೆಯಲ್ಲಿ ತಾಲೀಮು ನಡೆಸಿದೆ. ನನ್ನ ತವರು ಝಳಕಿ. ಹೈವೇ ಬದಿಯ ಮನೆಯಲ್ಲಿ ಲಾರಿಗಳ ಹಾರ್ನ್ ಕೇಳಿ ಬೆಳೆದವಳು ನಾನು, ರಾಗ-ತಾಳ ನನಗೆ ತಿಳಿಯದು. ಹುಡುಗಿಯರು ಪ್ರತಿ ನುಡಿಯಲ್ಲೂ ಎರಡು ಸಾಲು ಹಾಡುತ್ತಿದ್ದರು, ಆಮೇಲೆ ಏಕಾಏಕಿ ನಿಂತುಬಿಡುತ್ತಿದ್ದರು. ಆರೂ ಜನ ಒಟ್ಟಿಗೆ, ಗಟ್ಟಿಯಾಗಿ, ಕಲ್ಲಿನ ಹಾಗೆ. ಬಹಳ ಹೊತ್ತಾದ ಮೇಲೆ ಮೂರನೇ ಸಾಲು. ಇದೇನು ಎಂದು ಕೇಳಿದರೆ, "ಆಯಿ ಹಿಂಗ ಕಲಿಸ್ಯಾರ್ರೀ" ಎಂದರು. ಹೆಡ್‌ಮಾಸ್ತರರು ಕಣ್ಣು ಮುಚ್ಚಿ ಕೇಳಿ, "ಇದು ಭಾರಿ ಶಾಸ್ತ್ರೀಯ ಐತ್ರಿ ಮೇಡಂ" ಎಂದು ತಲೆದೂಗಿದರು. ನಾನೂ ನಂಬಿದೆ.

ಸ್ಪರ್ಧೆ ಬಸವನ ಬಾಗೇವಾಡಿಯಲ್ಲಿ. ಅತ್ತೆಯನ್ನು ಹಾಡು ಕೇಳಲು ಕರೆದರೆ ಬರುವವರಲ್ಲ ಎಂದು ಗೊತ್ತಿತ್ತು. "ಗುಡಿಗೆ ಹೋಗಿ ಬರೂಣು ಬರ್ರಿ" ಎಂದೆ. ಗುಡಿ ಮುಗಿಸಿ, ಮೆಲ್ಲಗೆ ಸಭಾಂಗಣಕ್ಕೆ ಕರೆದುಕೊಂಡು ಹೋಗಿ ಮೂರನೇ ಸಾಲಿನಲ್ಲಿ ಪಕ್ಕದಲ್ಲೇ ಕೂರಿಸಿಕೊಂಡೆ. "ಕಳ್ಳಿ ಅದೀ ನೀ" ಎಂದರು, ಎದ್ದು ಹೋಗಲಿಲ್ಲ.

ಮುದ್ದೇಬಿಹಾಳದ ಕಡೆಯ ಶಾಲೆಯೊಂದು ಜಪಾನಿಗೆ ತಾವೇ ಕಟ್ಟಿದ ಹಾಡನ್ನು ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಹಾಡಿತು. ಇಸ್ತ್ರಿ ಮುರಿಯದ ಬಿಳಿ ಬಟ್ಟೆ, ಒಂದು ಸ್ವರವೂ ಆಚೀಚೆ ಆಗಲಿಲ್ಲ. ಇಂಡಿಯ ಕಡೆಯ ಮಕ್ಕಳು ಯಾವಾಗಲೂ ಜಗಳದಲ್ಲಿರುವ ದೇಶಕ್ಕೆ ಜೋಗುಳವೇ ಮದ್ದು ಎಂದು ವಾದಿಸಿ, ಎಷ್ಟು ಚೆಂದ ಹಾಡಿದರೆಂದರೆ ಮುಂದೆ ಕುಳಿತ ನಿರ್ಣಾಯಕರೊಬ್ಬರಿಗೆ ನಿಜಕ್ಕೂ ತೂಕಡಿಕೆ ಬಂತು. ಆಮೇಲೆ ನಮ್ಮವರು. ಎತ್ತರದ ಹುಡುಗಿ ಮೈಕಿನ ಮುಂದೆ ಬಂದಳು. "ಸ್ಪೇನ್ ದೇಶದ ಹಾಡಿಗೆ ಪದಾ ಇಲ್ಲ. ನಾವು ಕೊಡಾಕ ಬಂದೇವಿ. ನಾವು ಶೂರರು, ನಾವು ದೊಡ್ಡವರು ಅಂತ ಎಲ್ಲಾ ದೇಶದವರೂ ಹಾಡ್ತಾರ. ಬಂದವರಿಗೆ ನೀರು ಕೊಡೋ ಹಾಡು ಯಾರದೂ ಇಲ್ಲ. ಇದನ್ನ ಹಾಡೋ ದೇಶದ ಬಾಗಲದಾಗ ಯಾರಿಗೂ ಅಂಜಿಕಿ ಆಗಂಗಿಲ್ಲ" ಎಂದಳು. ಸಭೆ ಚಪ್ಪಾಳೆ ಹೊಡೆಯಿತು. ನಾನು ಅತ್ತೆಯ ಮೊಣಕೈ ಹಿಡಿದೆ.

ಹಾಡು ಶುರುವಾಯಿತು. ಎರಡು ಸಾಲು ಮುಗಿಯಿತು. ಹುಡುಗಿಯರು ನಿಂತರು.

ಸಭೆ ಮೂರನೇ ಸಾಲಿಗೆ ಕಾಯಿತು. ಒಂದು ಕೆಮ್ಮು, ಒಂದು ಕಿಸಕ್ ನಗು. ಮರೆತುಬಿಟ್ಟವು ಎಂದು ಹಿಂದೆ ಯಾರೋ ಅಂದರು. ಹುಡುಗಿಯರಿಗೆ ಮಾತ್ರ ಏನೂ ಆಗಿಲ್ಲ, ಕತ್ತು ನೆಟ್ಟಗೆ ಮಾಡಿ ನಿಂತೇ ಇದ್ದಾರೆ. ಪಕ್ಕದಲ್ಲಿ ಅತ್ತೆ ಎದೆ ಮುಟ್ಟಿಕೊಂಡರು.

"ಅಯ್ಯ ನಮ್ಮವ್ವ! ನಾ ರೊಟ್ಟಿ ಹಂಚಿಗೆ ಹಾಕಿ, ನೀರು ಹಚ್ಚಿ ಮಗುಚೋತನಕ ನಿಲ್ತಿದ್ನಲ್ಲ, ಅದನ್ನೂ ಕಲ್ತಾವ ಇವು!" ಎಂದು ನನ್ನ ಕಿವಿಯಲ್ಲಿ ಕಿರುಚಿದಂತೆ ಹೇಳಿದರು.

ಆಗ ನನಗೆ ತಿಳಿಯಿತು. ಅತ್ತೆ ಗುನುಗುತ್ತ ರೊಟ್ಟಿ ಬಡಿಯುವರು, ರೊಟ್ಟಿ ಹಂಚಿಗೆ ಹೋದಾಗ ಗುನುಗು ನಿಲ್ಲಿಸುವರು, ಮಗುಚಿ ಆದ ಮೇಲೆ ಮತ್ತೆ ಗುನುಗುವರು. ಹುಡುಗಿಯರು ಹಾಡಿನ ಜೊತೆಗೆ ಒಲೆಯ ಕೆಲಸವನ್ನೂ ಚಾಚೂ ತಪ್ಪದೆ ಕಲಿತಿದ್ದರು. ನಾನು ಅದನ್ನೇ ಶಾಸ್ತ್ರೀಯ ಎಂದು ತಿಳಿದು ಎರಡು ವಾರ ತಾಲೀಮು ಮಾಡಿಸಿದ್ದೆ.

ಅಷ್ಟರಲ್ಲಿ ಮೂರನೇ ಸಾಲು ಬಂತು, ಅರ್ಧ ಸಭೆ ನಗುವಿನಲ್ಲಿತ್ತು. ಎರಡನೇ ನುಡಿ ಶುರುವಾಯಿತು. ದಣದ ಬಂದೀರಿ ಕುಂದರ್ರಿ... ಉಂಡು ತಣದು ಹೆಸರ ಹೇಳ್ರಿ... ಮತ್ತೆ ನಿಂತರು. ಈ ಸಲ ನಗು ಜೋರಾಯಿತು. ಗೋಡೆಗೆ ಒರಗಿ ಕೂಡುವ ಆ ಹುಡುಗಿ, ಒರಗಲು ಗೋಡೆ ಹುಡುಕುವಂತೆ ಒಂದು ಹೆಜ್ಜೆ ಹಿಂದೆ ಸರಿದಳು. ನಿರ್ಣಾಯಕರಲ್ಲಿ ಹಿರಿಯರಾದ ನಿವೃತ್ತ ಮಾಸ್ತರರೊಬ್ಬರು ಸಾಕೆಂದು ಗಂಟೆ ಹೊಡೆಯಲು ಕೈ ಎತ್ತಿದರು.

ನನ್ನ ಪಕ್ಕದ ಕುರ್ಚಿ ಸರಿದ ಸದ್ದಾಯಿತು. ಅತ್ತೆ ಎದ್ದು ನಿಂತಿದ್ದರು.

"ಹಸದವರ ಹೆಸರ ಕೇಳೂದಿಲ್ಲ!"

ಮೈಕಿಲ್ಲ, ಹಾರ್ಮೋನಿಯಂ ಇಲ್ಲ. ಆರು ವರ್ಷ ಕಟ್ಟಿಟ್ಟ ದನಿ ಒಮ್ಮೆಲೇ ಬಂತು, ತಗಡಿನ ಚಾವಣಿ ಝುಂ ಎಂದಿತು. ನಗು ಅಲ್ಲೇ ನಿಂತಿತು. ಹುಡುಗಿಯರು ತಟ್ಟನೆ ಅದೇ ಸಾಲು ಹಿಡಿದರು, ಏಕೆಂದರೆ ಸೋಬಾನದಲ್ಲಿ ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಡಿಯಲೇಬೇಕು. ಆಮೇಲೆ ಹಿಡಿದವರು ಊಟದ ಮನೆಯ ಬಾಗಿಲಲ್ಲಿ ನಿಂತಿದ್ದ ಅಡುಗೆ ಹೆಂಗಸರು. ಆಮೇಲೆ ಮಕ್ಕಳ ಜೊತೆ ಬಂದಿದ್ದ ತಾಯಂದಿರು. ಅತ್ತೆ ನಿಂತಲ್ಲಿಂದಲೇ ಮೊದಲನೇ ನುಡಿಯನ್ನು ಮತ್ತೆ ಎತ್ತಿದರು, ಇಡೀ ಸಭೆ ಹಿಂದಿನಿಂದ ಹಿಡಿಯಿತು. ಲಾರಿಯ ಹಾರ್ನ್ ಕೇಳಿ ಬೆಳೆದ ನಾನೂ ಬಾಯಿ ಬಿಟ್ಟು ಹಾಡಿದೆ. ಹೆಡ್‌ಮಾಸ್ತರರು ಎಲ್ಲವನ್ನೂ ತಮ್ಮ ಮೊಬೈಲಿನಲ್ಲಿ ತಾವೇ ವಿಡಿಯೊ ಮಾಡುತ್ತಿದ್ದರು.

ಹಾಡು ಮುಗಿದಾಗ ಹಿರಿಯ ನಿರ್ಣಾಯಕರು ಕನ್ನಡಕ ತೆಗೆದು, "ಅಮ್ಮಾರ, ಚೊಲೊ ಹಾಡಿದ್ರಿ. ಆದ್ರ ಹೊರಗಿನವ್ರು ಹಾಡಬಾರದಂತ ರೂಲ್ ಐತ್ರಿ" ಎಂದರು.

"ನನಗೂ ಒಂದು ರೂಲ್ ಹಾಕಿದ್ರು, ಈಗ ಅದನ್ನ ಮುರದೇನಿ. ಅದರ ಜೋಡಿ ನಿಮ್ದೂ ಒಂದು ಮುರೀತು, ತಪ್ಪು ತಿಳ್ಕೊಬ್ಯಾಡ್ರಿ" ಎಂದರು ಅತ್ತೆ.

ಮೊದಲ ಬಹುಮಾನ ಮುದ್ದೇಬಿಹಾಳದ ಕಡೆಗೆ ಹೋಯಿತು. ನ್ಯಾಯವೇ, ಅವರು ಚೆನ್ನಾಗಿ ಹಾಡಿದ್ದರು. ನಮ್ಮದನ್ನು ಸ್ಪರ್ಧೆಯಿಂದಲೇ ತೆಗೆದರು. ಆದರೆ ಊಟಕ್ಕೆ ಕುಳಿತಾಗ ಅಡುಗೆಯವರು ಸಾರಿನ ಬಕೇಟು ಕೆಳಗಿಟ್ಟು, ಇನ್ನೊಮ್ಮೆ ಹಾಡದಿದ್ದರೆ ಯಾರಿಗೂ ಬಡಿಸುವುದಿಲ್ಲ ಎಂದು ಹಟ ಹಿಡಿದರು. ಗೆದ್ದ ಶಾಲೆಯ ಮಕ್ಕಳು ಹಾರ್ಮೋನಿಯಂ ಎತ್ತಿಕೊಂಡು ಬಂದು ಅತ್ತೆಯ ಕಾಲ ಬಳಿ ಕುಳಿತರು. ಬರುವಾಗ ಟೆಂಪೋದಲ್ಲಿ ಕನ್ನೊಳ್ಳಿ ಬರುವವರೆಗೂ ಅತ್ತೆ ಬಾಯಿ ಮುಚ್ಚಲಿಲ್ಲ. ನಾನು ಸೋತ ಟೀಚರ್, ಜೀವನದಲ್ಲಿ ಅಷ್ಟು ಗೆದ್ದಂತೆ ಎಂದೂ ಅನಿಸಿರಲಿಲ್ಲ.

ವಿಡಿಯೊ ವಾಟ್ಸಾಪಿನಲ್ಲಿ ಊರೂರು ತಿರುಗಿತು. ಹೆಡ್‌ಮಾಸ್ತರರು ಅಂಜಿದ್ದೇ ಆಯಿತು, ಆದರೆ ಅವರನ್ನು ಬೈಯಲು ಯಾರೂ ಬರಲಿಲ್ಲ. ಬಾಗೇವಾಡಿಯಲ್ಲಿ ಹಾಡಿದ್ದು ಬೇರೆ, ಊರಿನ ಲಗ್ನದಲ್ಲಿ ಹಾಡುವುದು ಬೇರೆ ಎಂದು ನನಗೂ ಅತ್ತೆಗೂ ಗೊತ್ತಿತ್ತು. ಹಿಂದಕ್ಕೆ ಕಳಿಸಿದ್ದು ಈ ಊರು. ಮುಂದಕ್ಕೆ ಕರೆಯಬೇಕಾದದ್ದೂ ಇದೇ ಊರು.

ಒಂದು ತಿಂಗಳಾದ ಮೇಲೆ ಎದುರುಮನೆಯಾಕೆ ಕುಂಕುಮದ ಬಟ್ಟಲು, ಅಕ್ಷತೆ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಅವಳ ಮಗಳ ಲಗ್ನ. ನನಗೆ ಕುಂಕುಮ ಹಚ್ಚಿ, ಅತ್ತೆಯ ಮುಂದೆ ಬಂದು ನಿಂತು, ತಲೆ ತಗ್ಗಿಸಿ, "ಅತ್ತಿ, ಬೀಗರು ಬಂದಾಗ ಪದಾ ನೀವ ಎತ್ತಿಕೊಡಬೇಕು. ನನ್ನ ಮಗಳು ನೀವ ಬೇಕಂತ ಹಟ ಹಿಡದಾಳ" ಎಂದಳು.

ನನ್ನ ಸಿಟ್ಟು ಹೊರಬಿತ್ತು. "ಅವತ್ತು ಹಿಂದ ಕುಂದರ್ರಿ ಅಂದವ್ರು ನೀವ ಅಲ್ಲೇನು? ಆರು ವರ್ಷ ಈ ಮನಿಯಾಗ ಒಂದು ಜೋಗುಳ ಸೈತ ಇಲ್ಲ, ಗೊತ್ತೇನು ನಿಮಗ?" ಎಂದೆ. ಅವಳ ಕಣ್ಣಲ್ಲಿ ನೀರು ಬಂತು.

ಅತ್ತೆ ನನ್ನ ಕಡೆ ತಿರುಗಿದರು. "ಇಷ್ಟು ವರ್ಷ ಎಲ್ಲಿಟ್ಟಿದ್ದಿ ಬೇ ಈ ನಾಲಿಗಿ?" ಎಂದರು. ಆ ಮಾತು ನನಗೆ ಬರಬೇಕಾದದ್ದೇ. ಆಮೇಲೆ ಅವರು ಎದುರುಮನೆಯಾಕೆಗೆ, "ಬರ್ತೇನಿ, ಹೋಗು. ಅಳಬ್ಯಾಡ, ಲಗ್ನದ ಮನಿ ಐತಿ" ಎಂದರು.

ಲಗ್ನದ ದಿನ ಬೀಗರು ಹಂದರದ ಬಾಗಿಲಿಗೆ ಬಂದು ನಿಂತಾಗ ಬಿಸಿಲು ನೆತ್ತಿಗೇರಿತ್ತು. ತಂಬಿಗೆಯಲ್ಲಿ ನೀರು ಸಿದ್ಧವಿತ್ತು, ಆರತಿ ಸಿದ್ಧವಿತ್ತು, ಮುಂದಿನ ಸಾಲಿನಲ್ಲಿ ಅತ್ತೆಗೆಂದು ಜಾಗ ಬಿಟ್ಟಿದ್ದರು. ಅತ್ತೆ ಬಂದರು, ಕೂಡಲಿಲ್ಲ. ತಿರುಗಿ ಹಿಂದೆ ನೋಡಿದರು. ಗೋಡೆಯ ಪಕ್ಕದ ಜಮಖಾನೆಯ ಮೇಲೆ ಐದಾರು ಮಂದಿ ಸೆರಗು ಹೊದ್ದು ಕುಳಿತಿದ್ದರು.

"ನಾ ಒಬ್ಬಾಕಿನ ಎತ್ತಿಕೊಡಂಗಿಲ್ಲ. ಅವ್ರೆಲ್ಲಾ ಮುಂದ ಬರ್ಲಿ" ಎಂದರು.

ಹಂದರದಲ್ಲಿ ಗುಸುಗುಸು ಎದ್ದಿತು. ಹಿರಿಯರೊಬ್ಬರು, "ಹೊತ್ತಾಗಾಕತ್ತೈತಿ, ಬೀಗರು ಬಿಸಲಾಗ ನಿಂತಾರ" ಎಂದರು. "ನಿಲ್ಲಲಿ ಬಿಡ್ರಿ, ನಾವು ಭಾಳ ವರ್ಷ ಹಿಂದ ಕುಂತೇವಿ" ಎಂದರು ಅತ್ತೆ. ಮದುಮಗನ ಹಣೆಯಿಂದ ಬೆವರು ಇಳಿಯುತ್ತಿತ್ತು. ಯಾರೂ ಅಲುಗಾಡಲಿಲ್ಲ. ಆಗ ಎದುರುಮನೆಯಾಕೆ, ಮದುಮಗಳ ತಾಯಿ, ಆರತಿಯ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ತಾನೇ ಹಿಂದೆ ಹೋದಳು. ಎಲ್ಲರಿಗಿಂತ ಮುದುಕಿಯಾದವಳ ಎದುರು ಬಗ್ಗಿ, ಅವಳ ಎರಡೂ ಕೈ ಹಿಡಿದು ಎಬ್ಬಿಸಿದಳು. ಆಮೇಲೆ ಇನ್ನೊಬ್ಬಳು ಎದ್ದಳು, ಮತ್ತೊಬ್ಬಳು ಎದ್ದಳು. ಗೋಡೆಯ ಪಕ್ಕದ ಜಮಖಾನೆ ಖಾಲಿಯಾಯಿತು. ಅತ್ತೆ ಬಾಯಿ ತೆರೆದರು.